ಐದು ಹೆಸರಿನ ಹಡಗು

ಮಾರ್ಚ್ ಹನ್ನೊಂದರ ಬೆಳಗ್ಗೆ ಆರೂಮುಕ್ಕಾಲಿಗೆ ಬಂದರು ಪೊಲೀಸ್ ಠಾಣೆಯ ಬಾಗಿಲಲ್ಲಿ ಒಬ್ಬ ದಪ್ಪ ಮನುಷ್ಯ ಏದುಸಿರು ಬಿಡುತ್ತ ಬಂದು ನಿಂತ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಹಳೆಯ ಹಡಗುಗಳನ್ನು ಕೊಂಡು, ಒಡೆಸಿ, ಕಬ್ಬಿಣವನ್ನು ತೂಕಕ್ಕೆ ಹಾಕುವುದು ಅವನ ಕಸುಬು. ಮನುಷ್ಯರನ್ನು ಕಂಡರೂ ಮೊದಲು ಕಣ್ಣಲ್ಲೇ ತೂಗಿ ಆಮೇಲೆ ಮಾತನಾಡಿಸುತ್ತಿದ್ದುದರಿಂದ ಬಂದರಿನವರು ಅವನಿಗೆ ತೂಕದ ಸಾಹುಕಾರ ಎಂದು ಹೆಸರಿಟ್ಟಿದ್ದರು.

"ನನ್ನ ಹಡಗು ಮುಳುಗಿದೆ" ಎಂದ.

"ಯಾವ ಸಮುದ್ರದಲ್ಲಿ?" ಇನ್‌ಸ್ಪೆಕ್ಟರ್ ಕೇಳಿದ.

"ಸಮುದ್ರದಲ್ಲಲ್ಲ ಸಾರ್, ಇಲ್ಲೇ, ಏಳನೇ ಧಕ್ಕೆಯಲ್ಲಿ. ಕಟ್ಟಿದ ಹಗ್ಗ ಕಟ್ಟಿದ ಹಾಗೇ ಇದೆ. ನಾಡಿದ್ದು ಎಳೆದುಕೊಂಡು ಹೋಗೋ ದೋಣಿ ಬರೋದಿತ್ತು. ಯಾರೋ ಬೇಕಂತಲೇ ಮಾಡಿದ್ದಾರೆ."

"ವಿಮೆ ಇದೆಯಾ?"

"ಇದೆ."

"ಯಾವಾಗ ಮಾಡಿಸಿದ್ದು?"

"ಹೋದ ವಾರ" ಎಂದು ಹೇಳಿ ಸಾಹುಕಾರ ತನ್ನ ಬರಿಗಾಲನ್ನು ನೋಡಿಕೊಂಡ. ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅವನಿಗೆ ಆಗ ಅನ್ನಿಸಿರಬೇಕು.

ಇನ್‌ಸ್ಪೆಕ್ಟರ್ ಸುಲಭಕ್ಕೆ ಯಾರನ್ನೂ ನಂಬುವ ಪೈಕಿಯಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ತಿರುಗಿಸಿ ಹಿಂಭಾಗ ನೋಡುವವನು. 'ನೀವು ನೋಡಿದ್ರಾ? ಇನ್ಯಾರು ಹೇಳಿದ್ರು?' ಎಂಬ ಎರಡು ಪ್ರಶ್ನೆಗಳಲ್ಲೇ ಅವನ ಅರ್ಧ ನೌಕರಿ ಕಳೆದಿತ್ತು. ಅಪರಿಚಿತರು ಉದ್ದೇಶಪೂರ್ವಕವಾಗಿ ಹಡಗಿಗೆ ಹಾನಿ ಮಾಡಿದ್ದಾರೆಂದು ಎಫ್‌ಐಆರ್ ದಾಖಲಾಯಿತು. ಸಾಹುಕಾರ ಸಹಿ ಹಾಕಿ ಹೊರಗೆ ಹೋದ ಕೂಡಲೇ ಇನ್‌ಸ್ಪೆಕ್ಟರ್ ದಫೇದಾರನಿಗೆ ಹೇಳಿದ: "ದೂರು ಕೊಟ್ಟವನ ಮೇಲೇ ಮೊದಲು ಕಣ್ಣಿಡು."

ಧಕ್ಕೆಯಲ್ಲಿ ಹಡಗು ಹಿಂಭಾಗವನ್ನು ಕೆಸರಿನಲ್ಲಿ ಊರಿ, ಮೂತಿಯನ್ನು ಮೇಲೆತ್ತಿ, ಕೆರೆಗೆ ಇಳಿದ ಎಮ್ಮೆಯ ಹಾಗೆ ಕೂತಿತ್ತು. ನೋಡಲು ಆಗಲೇ ಜನ ಸೇರಿದ್ದರು. ಎದುರಿನ ಉಗ್ರಾಣದಿಂದ ಗೋಣಿಚೀಲ ಹೊಲಿಯುವ ಹೆಂಗಸರೂ ಬಾಗಿಲಿಗೆ ಬಂದು ನಿಂತಿದ್ದರು. ದಫೇದಾರನಿಗೆ ನೀರು ಕಂಡರೆ ಆಗದು. ಬಂದರು ಠಾಣೆಗೆ ವರ್ಗವಾಗಿ ಬಂದ ದಿನದಿಂದ ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದವನು ಅವನು. ಈಗ ಧಕ್ಕೆಯ ಅಂಚಿನಿಂದ ನಾಲ್ಕು ಮಾರು ದೂರ ನಿಂತು, ಅಲ್ಲಿಂದಲೇ ತನಿಖೆ ಮಾಡುವವನಂತೆ ಕತ್ತು ಚಾಚಿದ್ದ.

ವಿಮೆ ಕಂಪನಿ ಕಳಿಸಿದ ಸರ್ವೇಯರ್ ಅಷ್ಟರಲ್ಲಿ ಬಂದ. ಹಿಂದೆ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು, ಮಾತು ಜಾಸ್ತಿ. ಮೂತಿಯ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದ ಹೆಸರಿತ್ತು. ಬಿಸಿಲು ಓರೆಯಾಗಿ ಬೀಳುತ್ತಿದ್ದುದರಿಂದ ಅದರ ಅಡಿಯಲ್ಲಿ ಬೇರೆ ಬೇರೆ ಅಕ್ಷರಗಳು ಒಂದರ ಮೇಲೊಂದು ಉಬ್ಬಿ ಕಾಣುತ್ತಿದ್ದವು.

"ಇದೇನಿದು?" ಇನ್‌ಸ್ಪೆಕ್ಟರ್ ಕೇಳಿದ.

"ಹಳೇ ಹೆಸರುಗಳು ಸಾರ್. ಅಕ್ಷರದ ಅಂಚಿಗೆ ಬೆಸುಗೆ ಹಾಕಿರ್ತಾರೆ. ಹೊಸ ಮಾಲೀಕ ಬಂದರೆ ಮೇಲೆ ಬಣ್ಣ ಬಳೀತಾನೆ ಅಷ್ಟೆ, ಕೆತ್ತಿ ತೆಗೆಯೋ ಗೋಜಿಗೆ ಯಾರು ಹೋಗ್ತಾರೆ? ಎಣಿಸಿ ನೋಡಿ, ಮೇಲಿನದೂ ಸೇರಿ ಐದಿವೆ."

ಯುದ್ಧಕಾಲದಲ್ಲಿ, ಶತ್ರು ಮುಳುಗಿಸುವುದಕ್ಕಿಂತ ಬೇಗ ಕಟ್ಟಬೇಕೆಂಬ ಹಟದಿಂದ, ತಗಡಿಗೆ ತಗಡು ಬೆಸೆದು ಕೆಲವೇ ವಾರಗಳಲ್ಲಿ ನೀರಿಗಿಳಿಸಿದ ಸರಕಿನ ಹಡಗುಗಳಲ್ಲಿ ಇದೂ ಒಂದು. ಐದು ವರ್ಷ ಬಾಳಿದರೆ ಹೆಚ್ಚು ಎಂದುಕೊಂಡು ಕಟ್ಟಿದ್ದು ಕಟ್ಟಿದವರೆಲ್ಲ ಮುದುಕರಾಗುವ ತನಕ ಬಾಳಿತು. ಮೊದಲು ಅದು ಸರ್ಕಾರದ್ದು, ಯಾವನೋ ಸತ್ತ ದಂಡನಾಯಕನ ಹೆಸರು ಹೊತ್ತು ಹಿಟ್ಟು, ಟ್ರಕ್ಕು, ಮದ್ದುಗುಂಡು ಸಾಗಿಸಿತು. ಯುದ್ಧ ಮುಗಿದದ್ದೇ ಧಾನ್ಯದ ವ್ಯಾಪಾರಿಯೊಬ್ಬ ಅದನ್ನು ಅಗ್ಗಕ್ಕೆ ಹೊಡೆದುಕೊಂಡು ತನ್ನ ಮಗಳ ಹೆಸರಿಟ್ಟ. ಅವನಿಂದ ಕೊಂಡವರು ಮರದ ವ್ಯಾಪಾರದ ಅಣ್ಣತಮ್ಮಂದಿರು. ಇಬ್ಬರ ಹೆಸರನ್ನೂ ಜೋಡಿಸಿ ಹಡಗಿಗಿಟ್ಟು, ಯಾರ ಹೆಸರು ಮೊದಲು ಬರಬೇಕಿತ್ತೆಂದು ಜಗಳ ತೆಗೆದು, ಕೊನೆಗೆ ಮಾರಿ ಪಾಲು ಮಾಡಿಕೊಂಡರು. ನಾಲ್ಕನೆಯವನು ಬರೀ ಕಾಗದದ ಮೇಲಿದ್ದ ಮಾಲೀಕ. ನಕ್ಷತ್ರದ ಹೆಸರಿಟ್ಟು, ತಾನು ಕಾಲಿಡದ ದೇಶದ ಬಾವುಟ ಹಾರಿಸಿ, ಕುರಿ ಸಾಗಿಸಿದ. ಐದನೆಯವನು ಸಿಮೆಂಟಿನವನು. ಸಾಹುಕಾರನಿಗೆ ಮಾರಿದ್ದು ಅವನೇ.

"ಈ ಹಡಗಿನ ಮೇಲೆ ಯಾರಿಗಾದರೂ ಹಗೆ ಇತ್ತಾ?"

ಸರ್ವೇಯರ್ ನಕ್ಕ. "ಯಾರ ಕಾಲದ ಹಗೆ ಅಂತ ಕೇಳ್ತೀರಿ ಸಾರ್? ಯಾವ ಮಾಲೀಕನನ್ನ ಕೇಳಿದರೂ ಅದು ನನ್ನ ಕಾಲದ್ದಲ್ಲ ಅಂತಾನೆ. ಹೆಸರು ಬದಲಾಯ್ತು ಅಂದರೆ ಹಿಂದಿನದೆಲ್ಲ ತೊಳೆದುಹೋಯ್ತು. ಹಡಗಿನವರ ಲೋಕವೇ ಹಾಗೆ."

ಬಂದರಿನ ಮುಳುಗುಗಾರ ಎಂಜಿನ್ ಕೋಣೆಗೆ ಇಳಿದು ಬಂದು ಹೇಳಿದ್ದು ಇಷ್ಟು: ಸಮುದ್ರದ ನೀರನ್ನು ಒಳಗೆ ಬಿಡುವ ದೊಡ್ಡ ವಾಲ್ವ್ ಪೂರ್ತಿ ತೆರೆದಿತ್ತು, ತಾನು ಮುಚ್ಚಿ ಬಂದೆ, ಅದರ ಚಕ್ರಕ್ಕೆ ಒಂದು ಬಟ್ಟೆ ಕಟ್ಟಿತ್ತು.

"ಬಟ್ಟೆ ಮುಟ್ಟಿದ್ಯಾ?"

"ಇಲ್ಲ ಸಾರ್."

ಇಡೀ ದಿನ ಪಂಪು ಓಡಿತು. ಮರುದಿನ ಬೆಳಗ್ಗೆ ಎಂಟಕ್ಕೆ ಕ್ರೇನ್ ಚಾಲಕನನ್ನೂ ಚಹಾ ಅಂಗಡಿಯವನನ್ನೂ ಪಂಚರಾಗಿ ಕರೆದುಕೊಂಡು ಇನ್‌ಸ್ಪೆಕ್ಟರ್ ಕಬ್ಬಿಣದ ಏಣಿ ಇಳಿದ. ದಫೇದಾರ ಹಿಂದೆಯೇ ಇಳಿಯಬೇಕಾಯಿತು, ಪಂಚನಾಮೆ ಬರೆಯಬೇಕಾದವನು ಅವನೇ. ಒಂದೊಂದು ಮೆಟ್ಟಿಲಿಗೂ ಅವನು ಇಲಾಖೆಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದುದು ತುಟಿಯ ಚಲನೆಯಿಂದ ಎಲ್ಲರಿಗೂ ತಿಳಿಯುತ್ತಿತ್ತು. ಕೆಳಗೆ ಎಣ್ಣೆ ಬೆರೆತ ಕೆಸರಿನ ವಾಸನೆ ಮೂಗಿಗೆ ಹೊಡೆಯಿತು. ಟಾರ್ಚಿನ ಬೆಳಕಿನಲ್ಲಿ ವಾಲ್ವಿನ ಚಕ್ರ ಕಂಡಿತು. ಅದಕ್ಕೆ ಅಂಗೈ ಅಗಲದ ಪಟ್ಟೆ ಪಟ್ಟೆ ಬಟ್ಟೆಯೊಂದನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು.

ಸರ್ವೇಯರ್ ಅದನ್ನು ನೋಡಿ ಮೊದಲು ಬೆಪ್ಪಾದ, ಆಮೇಲೆ ಜೋರಾಗಿ ನಕ್ಕುಬಿಟ್ಟ. "ಇಂಥ ಕಳ್ಳನನ್ನ ನಾನು ನೋಡಿಲ್ಲ ಸಾರ್! ಎಚ್ಚರಿಕೆ ಬಟ್ಟೆ ಕಟ್ಟಿ ಹೋಗಿದ್ದಾನೆ!"

"ಬಿಡಿಸಿ ಹೇಳಿ."

"ಹಳೇ ಹಡಗುಗಳ ಎಂಜಿನ್‌ನವರ ಪದ್ಧತಿ ಇದು. ಪ್ರತಿಯೊಬ್ಬನ ಹತ್ತಿರವೂ ಅವನದೇ ಒಂದು ಬಟ್ಟೆ ಇರುತ್ತೆ. ವಾಲ್ವ್ ತೆಗೆದು ಬಿಟ್ಟು ಹೋದರೆ ಚಕ್ರಕ್ಕೆ ಕಟ್ತಾನೆ, ತೊಟ್ಟಿಯೊಳಗೆ ಇಳಿದರೆ ಮುಚ್ಚಳಕ್ಕೆ ಕಟ್ತಾನೆ. ಕಟ್ಟಿದವನೇ ಬಿಚ್ಚಬೇಕು. ಇನ್ನೊಬ್ಬನ ಬಟ್ಟೆ ಮುಟ್ಟಿದರೆ ಕೈ ಮುರೀತಿದ್ರು. ಹಡಗು ಮುಳುಗಿಸೋಕೆ ಬಂದವನು ಕೈಯ ಅಭ್ಯಾಸಕ್ಕೆ ಕಟ್ಟಿಬಿಟ್ಟಿದ್ದಾನೆ, ನೋಡಿ."

ಇನ್‌ಸ್ಪೆಕ್ಟರ್ ನಗಲಿಲ್ಲ. ಬಟ್ಟೆಯನ್ನು ಬಿಚ್ಚಿಸಿ, ಬೆಳಕಿಗೆ ಹಿಡಿದು, ಅಭ್ಯಾಸದಂತೆ ತಿರುಗಿಸಿ ಹಿಂಭಾಗವನ್ನೂ ನೋಡಿದ. ನಾಲ್ಕೂ ಬದಿಗೆ ದಪ್ಪ ದಾರದಲ್ಲಿ ಅಂಚು ಹೊಲಿದಿತ್ತು.

"ನಿನ್ನ ಮನೇಲಿ ಒರೆಸೋ ಬಟ್ಟೆಗೆ ಅಂಚು ಹೊಲೀತಾರೇನಯ್ಯಾ?" ದಫೇದಾರನನ್ನು ಕೇಳಿದ.

"ನಾನು ಹಾಕ್ಕೊಳೋ ಬಟ್ಟೆಗೇ ಹೊಲಿಯಲ್ಲ ಸಾರ್" ಎಂದ ದಫೇದಾರ.

ಬಟ್ಟೆಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು.

ಹಡಗಿನ ಕಾವಲುಗಾರ ಮಲಗಿದ್ದನೆಂದು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹತ್ತರ ಸಂಜೆ ರಿಪೇರಿ ಕಾರ್ಖಾನೆಯ ಕೆಲಸದವರು ಇಳಿದು ಹೋದ ಮೇಲೆ ಯಾರೂ ಹತ್ತಲಿಲ್ಲ ಎಂದು ಮಾತ್ರ ಆಣೆ ಮಾಡಿದ. ಹಡಗನ್ನು ಎಳೆದುಕೊಂಡು ಹೋಗುವ ಮೊದಲು ಅದರ ತೂತುಗಳನ್ನೆಲ್ಲ ಮುಚ್ಚುವ ಕೆಲಸ ಆ ಕಾರ್ಖಾನೆಯದು. ವಾಲ್ವಿನ ಮುಂದಿನ ಪೈಪನ್ನು ಬಿಚ್ಚಿದ್ದು ಅವರೇ, ಅಂದೇ; ಅದಿಲ್ಲದ್ದರಿಂದಲೇ ವಾಲ್ವ್ ತೆರೆದಾಗ ನೀರು ನೇರ ಹಡಗಿನೊಳಗೆ ನುಗ್ಗಿತ್ತು.

"ಎಷ್ಟು ಜನ ಬರ್ತಿದ್ರು?"

"ನಾಲ್ಕು ಜನ ಸಾರ್."

ಕಾರ್ಖಾನೆಯ ಯಜಮಾನನನ್ನು ಕೇಳಿದರೆ ಮೂರು ಎಂದ. ಮೂವರನ್ನೂ ತಂದು ನಿಲ್ಲಿಸಿದ. ಮೂವರೂ ಎಳೆ ಪ್ರಾಯದವರು, ಹಡಗಿನಲ್ಲಿ ಒಂದು ದಿನವೂ ಪ್ರಯಾಣ ಮಾಡಿದವರಲ್ಲ.

"ಕಾವಲುಗಾರ ನಾಲ್ಕು ಅಂತಾನೆ."

ಯಜಮಾನ ತಲೆ ಕೆರೆದುಕೊಂಡ. "ಓ, ಅಜ್ಜನಾ? ಅವರು ಲೆಕ್ಕಕ್ಕಿಲ್ಲ ಸಾರ್. ಹಡಗು ಬಂದ ವಾರಕ್ಕೆ ಅವರೇ ಹುಡುಕಿಕೊಂಡು ಬಂದರು. ಹಳೇ ಕೆಲಸ ಗೊತ್ತು, ಸಂಬಳ ಬೇಡ, ಸುಮ್ಮನೆ ಜೊತೆಗೆ ಬರ್ತೀನಿ ಅಂದರು."

"ಸಂಬಳ ಬೇಡ ಅಂದವನ ಮೇಲೆ ನಿಮಗೆ ಅನುಮಾನ ಬರಲಿಲ್ವಾ?"

"ಸಂಬಳ ಕೇಳೋರ ಮೇಲೇ ನನಗೆ ಅನುಮಾನ ಜಾಸ್ತಿ ಸಾರ್."

ಅಜ್ಜನ ಮನೆ ಎಲ್ಲಿ ಎಂದು ಯಜಮಾನನಿಗೆ ತಿಳಿಯದು, ಹನ್ನೊಂದರಿಂದ ಆತ ಕೆಲಸಕ್ಕೂ ಬಂದಿರಲಿಲ್ಲ. ಸಾಹುಕಾರ ವಿಮೆಯ ಆಸೆಗೆ ಮುದುಕನೊಬ್ಬನ ಕೈಯಲ್ಲಿ ಕೆಲಸ ಮಾಡಿಸಿ ಅಡಗಿಸಿಟ್ಟಿದ್ದಾನೆ ಎಂಬ ಅನುಮಾನ ಇನ್‌ಸ್ಪೆಕ್ಟರನಿಗೆ ಗಟ್ಟಿಯಾಯಿತು. ಸಾಹುಕಾರನನ್ನು ಕರೆಸಿ ಮೂರು ತಾಸು ಕೂರಿಸಿಕೊಂಡ. ಸಾಹುಕಾರ ಬೆವರಿದ, ಅತ್ತ, ಚಹಾ ಕುಡಿದ, ಮತ್ತೆ ಬೆವರಿದ. ಅಜ್ಜ ಯಾರೆಂದು ತನಗೆ ಗೊತ್ತಿಲ್ಲ ಎಂಬ ಒಂದು ಮಾತನ್ನು ಮಾತ್ರ ಬಿಡಲಿಲ್ಲ.

ಉಳಿದದ್ದು ಬಟ್ಟೆಯ ಅಂಚು. ದಾರವನ್ನು ಬೆರಳಲ್ಲಿ ಉಜ್ಜಿ ನೋಡಿದ ದಫೇದಾರ, "ಇದು ಗೋಣಿ ಹೊಲಿಯೋ ದಾರ ಸಾರ್" ಎಂದ. ಗೋಣಿ ಹೊಲಿಯುವವರು ಧಕ್ಕೆಯ ಎದುರಿಗೇ ಇದ್ದರು.

ಉಗ್ರಾಣದೊಳಗೆ ಹೊಟ್ಟಿನ ಧೂಳು ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ಏಳೆಂಟು ಹೆಂಗಸರು ಹರಿದ ಚೀಲಗಳ ರಾಶಿಯ ನಡುವೆ ಕೂತು ಡಬ್ಬಣದಿಂದ ಹೊಲಿಯುತ್ತಿದ್ದರು. ಜಪ್ತಿಯ ಬಟ್ಟೆಯ ಅಂಚನ್ನು ಇನ್‌ಸ್ಪೆಕ್ಟರ್ ತೋರಿಸಿದ್ದೇ ತಡ, ಕಿಟಕಿಯ ಬಳಿ ಕೂತಿದ್ದ ನರೆಗೂದಲಿನ ಹೆಂಗಸು, "ಅಯ್ಯೋ, ಇದು ನನ್ನ ಹೊಲಿಗೆ! ಎಲ್ಲಿ ಸಿಕ್ತು? ಅವರು ಬೀಳಿಸಿಕೊಂಡಿದ್ರಾ?" ಎಂದಳು. ದನಿಯಲ್ಲಿ ಅಂಜಿಕೆ ಇರಲಿಲ್ಲ, ಕಳೆದುಹೋದದ್ದು ಸಿಕ್ಕ ಸಂತೋಷವಿತ್ತು.

"ಅವರು ಅಂದರೆ?"

"ನಮ್ಮ ಯಜಮಾನರು. ಹಿಂದೆ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕೋ ಕೆಲಸದಲ್ಲಿದ್ರು. ಬಟ್ಟೆಯ ನೂಲು ಬಿಟ್ಟು ಗಾಲಿಗೆ ಸಿಕ್ಕಿಕೊಂಡರೆ ಕೈಯನ್ನೇ ಎಳ್ಕೊಳುತ್ತೆ ಅಂತ ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ರು. ಅವತ್ತಿಂದ ನಾನು ಅಂಚು ಹೊಲಿಯದೆ ಕೊಟ್ಟಿಲ್ಲ."

"ಇನ್ಯಾರಿಗಾದರೂ ಹೊಲಿದು ಕೊಟ್ಟಿದ್ದೀರಾ?"

"ನನ್ನ ತಮ್ಮನಿಗೆ ಕೊಡ್ತಿದ್ದೆ. ಅವನನ್ನೂ ಇವರೇ ಹಡಗಿಗೆ ಸೇರಿಸಿದ್ದು. ಒಂದೇ ಪರದೆ ಹರಿದು ಇಬ್ಬರಿಗೂ ಮಾಡಿಕೊಟ್ಟಿದ್ದೆ, ಕೆಂಪು ಹೂವಿನದು." ಡಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಅವಳು ಕೈ ಕೊಡವಿಕೊಂಡಳು. "ಅವನು ಯಾವುದೋ ಬಂದರಿನಲ್ಲಿ ಇಳಿದುಬಿಟ್ಟ. ಇಪ್ಪತ್ತೆರಡು ವರ್ಷ ಆಯ್ತು. ಇವರು ಬರ್ತಾನೆ ಅಂತಾರೆ. ಬಂದರೆ ಬಂದರಿಗೇ ತಾನೇ ಬರಬೇಕು? ಅದಕ್ಕೇ ನಾನು ಬೇರೆ ಕಡೆ ಕೆಲಸಕ್ಕೆ ಹೋಗಿಲ್ಲ."

"ಯಾವ ಹಡಗು ಅದು?"

ಅವಳು ಹೆಸರು ಹೇಳಿದಳು. ಧಾನ್ಯದ ವ್ಯಾಪಾರಿಯ ಮಗಳ ಹೆಸರು ಅದು.

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡಿದ. ಸಿಮೆಂಟಿನವನು ಬರೆಸಿದ ಬಿಳಿ ಅಕ್ಷರಗಳು ಅವಳು ಕೂತ ಜಾಗದಿಂದ ನೇರಕ್ಕೆ ಕಾಣುತ್ತಿದ್ದವು. ಒಂದು ತಿಂಗಳಿಂದ ಅವಳು ಆ ಹಡಗಿನ ಎದುರಿಗೆ ಕೂತು ಚೀಲ ಹೊಲಿಯುತ್ತಿದ್ದಳು. ಅವನು ಏನನ್ನೂ ಹೇಳದೆ ಮನೆಯ ವಿಳಾಸ ಕೇಳಿದ. ಅವಳು ಸಂಕೋಚವಿಲ್ಲದೆ ಹೇಳಿದಳು.

ಮನೆ ರೈಲು ಹಳಿಯ ಆಚೆಗಿನ ಸಾಲುಮನೆಗಳಲ್ಲಿ ಕೊನೆಯದು. ಅಜ್ಜ ಜಗಲಿಯಲ್ಲಿ ಕೂತಿದ್ದ. ಎತ್ತರದ ಆಳು, ಬಾಗಿದ ಬೆನ್ನು, ಉಗುರಿನ ಸಂದಿನಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಗೋಡೆಗೆ ಒಂದು ಸೈಕಲ್ ಒರಗಿಸಿತ್ತು. ದಫೇದಾರ ಅವನನ್ನು ನೋಡಿದ, ಸೈಕಲ್ಲನ್ನು ನೋಡಿದ, ಮತ್ತೆ ಅವನನ್ನು ನೋಡಿದ.

"ಹೋದ ತಿಂಗಳು ಠಾಣೆಗೆ ಬಂದಿದ್ರಿ ಅಲ್ವಾ? ಸೈಕಲ್ ಕಳೆದುಹೋಗಿದೆ ಅಂತ?"

"ಹೌದು."

"ಸಿಕ್ತಾ?"

"ಕಳೆದಿರಲಿಲ್ಲ" ಎಂದ ಅಜ್ಜ.

ಇನ್‌ಸ್ಪೆಕ್ಟರನ ಕಿವಿ ನೆಟ್ಟಗಾಯಿತು. ಜಗಲಿಯ ಮೇಲೇ ಕೂತ. "ಸಾಹುಕಾರ ಎಷ್ಟು ಕೊಟ್ಟ?"

"ಯಾವ ಸಾಹುಕಾರ?"

"ವಾಲ್ವ್ ತೆಗೆದದ್ದು ಯಾರು?"

"ನಾನೇ. ಹತ್ತನೇ ತಾರೀಖು ಸಂಜೆ, ಹುಡುಗರು ಏಣಿ ಹತ್ತಿದ ಮೇಲೆ."

ಅಷ್ಟು ಬೇಗ ಒಪ್ಪಿಕೊಂಡದ್ದು ಇನ್‌ಸ್ಪೆಕ್ಟರನಿಗೆ ಹಿಡಿಸಲಿಲ್ಲ. ಬೇಗ ಬರುವ ತಪ್ಪೊಪ್ಪಿಗೆಯ ಹಿಂದೆ ಇನ್ನೊಂದು ದೊಡ್ಡ ತಪ್ಪು ಇದ್ದೇ ಇರುತ್ತದೆ ಎಂದು ಅವನ ಅನುಭವ. "ಯಾರು ಮಾಡಿಸಿದ್ದು?" ಎಂದು ಮತ್ತೆ ಮತ್ತೆ ಕೇಳಿದ. ಯಾರೂ ಅಲ್ಲ ಎಂದು ಅಜ್ಜ ಮತ್ತೆ ಮತ್ತೆ ಹೇಳಿದ. ಕೊನೆಗೆ ಇನ್‌ಸ್ಪೆಕ್ಟರ್ ದನಿ ತಗ್ಗಿಸಿದ.

"ನಿಮ್ಮ ಭಾಮೈದ ಯಾವ ಬಂದರಿನಲ್ಲಿ ಇಳಿದ?"

ಅಜ್ಜ ಹಳಿಯಾಚೆಯ ಬಂದರಿನ ಕಡೆ ತಿರುಗಿದ.

"ಇಳಿದಿಲ್ಲ ಸಾರ್. ಹಡಗಿನಲ್ಲೇ ಇದ್ದಾನೆ."

ದಫೇದಾರ ಬರೆಯುತ್ತಿದ್ದ ಪೆನ್ನು ಎತ್ತಿದ.

"ಹಿಂಭಾಗದ ಸರಕಿನ ಕೋಣೆಯ ತಳದಲ್ಲಿ, ಮೂಲೆಗೆ, ಒಂದು ಖಾಲಿ ತೊಟ್ಟಿ ಇದೆ. ಒಬ್ಬ ಆಳು ನುಸುಳೋಷ್ಟು ಬಾಯಿ. ತುಕ್ಕು ಕೆರೆಯೋಕೆ ಬೆಳಗ್ಗೆ ನಾನು ಇಳಿದಿದ್ದೆ. ಮುಚ್ಚಳಕ್ಕೆ ನನ್ನ ಬಟ್ಟೆ ಕಟ್ಟಿದ್ದೆ. ಮಧ್ಯಾಹ್ನ ಎಂಜಿನ್ ಕೋಣೆಯಿಂದ ಕೂಗಿದರು, ಬಟ್ಟೆ ಬಿಚ್ಚಿ ಜೇಬಿಗೆ ತುರುಕಿಕೊಂಡು ಓಡಿದೆ. ಭಾವ ದಣಿದಿದ್ದಾನೆ ಅಂತ ಉಳಿದ ಕೆಲಸ ಮುಗಿಸೋಕೆ ಅವನಾಗೇ ಇಳಿದ. ನನಗೆ ಗೊತ್ತಿಲ್ಲ. ಅವನೂ ತನ್ನ ಬಟ್ಟೆ ಕಟ್ಟಿಯೇ ಇಳಿದಿದ್ದ. ಸಂಜೆ, ಗೋಧಿ ಬರ್ತಿದೆ, ಮುಚ್ಚಳ ಹಾಕು ಅಂದರು. ಹೋದೆ. ಬಟ್ಟೆ ಇತ್ತು. ಅದೇ ಕೆಂಪು ಹೂವು, ಅದೇ ಅಂಚು. ಗಡಿಬಿಡಿಯಲ್ಲಿ ಬಿಚ್ಚೋದನ್ನೇ ಮರೆತಿದ್ದೀನಿ ಅಂದುಕೊಂಡೆ. ಬಿಚ್ಚಿದೆ. ಬೋಲ್ಟ್ ಬಿಗಿದೆ."

"ಒಳಗೆ ಒಂದು ಸಲ ಕೂಗಿ ನೋಡಲಿಲ್ವಾ?"

"ನನ್ನ ಬಟ್ಟೆ ಅಂದಮೇಲೆ ಒಳಗಿರಬೇಕಾದವನು ನಾನು ತಾನೇ ಸಾರ್? ನಾನು ಹೊರಗಿದ್ದೆ."

ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹಾದು ಹೋಯಿತು. ಅದು ಹೋಗಿ ಮುಗಿಯುವವರೆಗೆ ಅಜ್ಜ ಕಾದ.

"ಸಮುದ್ರದಲ್ಲಿ ಮೂರು ದಿನ ಹೋದ ಮೇಲೆ ಬಟ್ಟೆ ಒಗೆಯೋಕೆ ಜೇಬು ಖಾಲಿ ಮಾಡಿದೆ. ಎರಡು ಬಂತು. ಒಂದು ಎಡಗಡೆಯಿಂದ, ಒಂದು ಬಲಗಡೆಯಿಂದ. ಓಡಿದೆ ಕೆಳಗೆ. ಆಳುದ್ದ ಗೋಧಿ. ಕೈಯಲ್ಲಿ ಬಗೆದೆ, ಬಗೆದಷ್ಟೂ ಕುಸೀತಿತ್ತು. ಹುಚ್ಚು ಹಿಡಿದಿದೆ ಅಂತ ಎಳೆದುಕೊಂಡು ಬಂದರು. ಅವನು ಬಂದರಿನಲ್ಲಿ ಓಡಿಹೋದ ಅಂತ ಕ್ಯಾಪ್ಟನ್ ಆಗಲೇ ಬರೆದಾಗಿತ್ತು. ಮುಂದ... ಮುಂದಿನ ಬಂದರಿನಲ್ಲಿ, ಗೋಧಿ ಇಳಿಸೋ ಮೊದಲೇ, ಹಡಗೇ ಮಾರಾಟ ಆಯ್ತು, ನಮ್ಮನ್ನೆಲ್ಲ ರೈಲು ಹತ್ತಿಸಿದರು. ಹೊಸಬರು ತೊಟ್ಟಿಯ ಮೇಲೆ ಹಲಗೆ ಹೊಡೆಸಿದರಂತೆ. ಆಮೇಲಿನವರು ಹಲಗೆ ಕಿತ್ತು ನೋಡಲೇ ಇಲ್ಲ."

"ಹೆಂಡತಿಗೆ ಯಾಕೆ ಹೇಳಲಿಲ್ಲ?"

"ಬಾಗಿಲಲ್ಲೇ ನಿಂತಿದ್ದಳು. ಅವನೆಲ್ಲಿ ಅಂದಳು. ಎಲ್ಲೋ ಇಳಿದುಬಿಟ್ಟ, ಬರ್ತಾನೆ ಅಂತ ಬಾಯಿಗೆ ಬಂತು. ನಾಳೆ ಹೇಳಿದರಾಯ್ತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ."

ಹಡಗು ಮೂರು ಬಾರಿ ಹೆಸರು ಬದಲಿಸಿ ಇದೇ ಊರಿನ ಧಕ್ಕೆಗೆ ಬಂದಾಗ ಅವನು ಅದನ್ನು ಗುರುತಿಸಿದ್ದು ಬಣ್ಣದಡಿಯ ಉಬ್ಬಿದ ಅಕ್ಷರಗಳಿಂದ. ಕಾರ್ಖಾನೆಯವರ ಜೊತೆ ಸೇರಿ ಹತ್ತಿದ. ಹಲಗೆ ಕಿತ್ತ. ಆದರೆ ತುಕ್ಕು ಹಿಡಿದ ಬೋಲ್ಟುಗಳು ಅವನ ವಯಸ್ಸಿಗೆ ಜಗ್ಗಲಿಲ್ಲ. ಇನ್ನೊಬ್ಬರ ಕೈ ಸೇರಿಸಬೇಕೆಂದರೆ ಒಳಗೇನಿದೆ ಎಂದು ಬಾಯಿ ಬಿಡಬೇಕಿತ್ತು.

"ಮೂರು ಸಲ ಠಾಣೆಗೆ ಬಂದೆ ಸಾರ್. ಬಾಯಿ ಬರಲಿಲ್ಲ. ಒಂದು ಸಲ ಏನು ಅಂತ ಕೇಳಿಬಿಟ್ಟರು, ಸೈಕಲ್ ಅಂದುಬಿಟ್ಟೆ. ಹಡಗು ಹೊರಟುಹೋದರೆ ಒಡೆಯೋ ಕಡೆ ಮೂಳೆ ಸಿಕ್ಕರೆ ಕಸದ ಜೊತೆ ಎಸೀತಾರೆ. ಮುಳುಗಿದರೆ ಪೊಲೀಸರು ಬರ್ತಾರೆ, ಒಂದೊಂದು ಮುಚ್ಚಳವನ್ನೂ ತೆಗೆಸಿ ನೋಡ್ತಾರೆ. ನೀವಾಗೇ ಕಂಡುಹಿಡಿದರೆ ನಾನು ಹೇಳೋದು ತಪ್ಪುತ್ತೆ ಅಂದುಕೊಂಡೆ."

ದಫೇದಾರ ಮೂಗು ಒರೆಸಿಕೊಂಡ. ಇನ್‌ಸ್ಪೆಕ್ಟರ್ ಮಾತ್ರ ತನ್ನ ಅನುಮಾನವನ್ನು ಇನ್ನೂ ಕೈಬಿಟ್ಟಿರಲಿಲ್ಲ. ಆಸ್ತಿ, ಜಗಳ, ಹಳೆಯ ದ್ವೇಷ, ಕೊಂದು ಮುಚ್ಚಿದ್ದಿರಬಹುದೇ ಎಂದು ಎಲ್ಲವನ್ನೂ ಮನಸ್ಸಿನಲ್ಲಿ ತಿರುವಿ ನೋಡುತ್ತಿದ್ದ. ಕೊಂದವನು ಹೆಣ ಸಿಗಲೆಂದು ಹಡಗು ಮುಳುಗಿಸುವುದಿಲ್ಲ ಎಂಬುದೊಂದೇ ಅವನನ್ನು ತಡೆದು ನಿಲ್ಲಿಸಿತು.

ಹದಿಮೂರರ ಮಧ್ಯಾಹ್ನ ತಹಸೀಲ್ದಾರರು, ಸರ್ಕಾರಿ ವೈದ್ಯರು ಮತ್ತು ಪಂಚರ ಸಮಕ್ಷಮ ಗ್ಯಾಸ್ ಕಟರಿನಿಂದ ಬೋಲ್ಟುಗಳನ್ನು ಕತ್ತರಿಸಲಾಯಿತು. ಒಳಗೆ ಒಬ್ಬ ಮನುಷ್ಯನ ಮೂಳೆಗಳು, ತುಕ್ಕು ಕೆರೆಯುವ ಒಂದು ಉಳಿ, ಒಂದು ಲಾಟೀನು, ಬೆಲ್ಟಿನ ಹಿತ್ತಾಳೆ ಕೊಂಡಿ ಸಿಕ್ಕವು. ಮುಚ್ಚಳದ ಒಳಮೈಯಲ್ಲಿ ಉಳಿಯಿಂದ ಬಡಿದ ಗುರುತುಗಳಿದ್ದವು. ಅದನ್ನು ಬರೆಯುವಾಗ ದಫೇದಾರನ ಕೈ ನಿಂತಿತು.

"ಬರಿ" ಎಂದ ಇನ್‌ಸ್ಪೆಕ್ಟರ್. ಆದರೆ ಗದರಿಸಲಿಲ್ಲ.

ಅಸಹಜ ಸಾವಿನ ಇನ್ನೊಂದು ಪ್ರಕರಣ ದಾಖಲಾಯಿತು. ಹಡಗಿಗೆ ಹಾನಿ ಮಾಡಿದ ಆರೋಪದ ಮೇಲೆ ಅಂದು ಸಂಜೆ ಐದಕ್ಕೆ ಅಜ್ಜನನ್ನು ದಸ್ತಗಿರಿ ಮಾಡಿದರು. ತೂಕದ ಸಾಹುಕಾರ ಸುದ್ದಿ ಕೇಳಿ ಠಾಣೆಗೆ ಬಂದವನು, ಬೈಯಲೆಂದು ಬಾಯಿ ತೆರೆದು, ಅಜ್ಜನನ್ನು ನೋಡಿ, ಏನೂ ತೂಗಲಾಗದೆ ಹೊರಟುಹೋದ.

ಹೇಳಿಕೆಗೆ ಸಹಿ ಹಾಕುವ ಮೊದಲು ಅಜ್ಜ ಒಂದು ಮಾತು ಕೇಳಿದ.

"ಅವಳಿಗೆ ನಾನೇ ಹೇಳ್ತೀನಿ. ಆದರೆ ಆ ಬಟ್ಟೆಯ ವಿಷಯ ಒಂದು ಬೇಡ ಸಾರ್. ಮುಚ್ಚಳದ ಮೇಲೆ ಏನೂ ಇರಲಿಲ್ಲ, ನೋಡದೆ ಮುಚ್ಚಿಬಿಟ್ಟೆ ಅಂತೀನಿ. ಇಬ್ಬರಿಗೂ ಒಂದೇ ಪರದೆ ಹರಿದು ಕೊಟ್ಟವಳು ಅವಳು. ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದು ನನ್ನೊಬ್ಬನ ಹೆದರಿಕೆಗಲ್ಲ."

"ಕೋರ್ಟಿನಲ್ಲಿ ಎಲ್ಲಾ ಓದ್ತಾರೆ."

"ಓದಲಿ. ಅಲ್ಲೀತನಕ."

ಅವಳನ್ನು ಕರೆಸಿದರು. ಗೋಣಿಯ ನಾರು ಸೀರೆಗೆ ಅಂಟಿಕೊಂಡ ಹಾಗೇ ಬಂದಳು. ಇನ್‌ಸ್ಪೆಕ್ಟರ್ ಬಾಗಿಲ ಬಳಿ ನಿಂತ. ಅಜ್ಜ ತಲೆ ತಗ್ಗಿಸಿಕೊಂಡು ಹೇಳಿದ. ಬಟ್ಟೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. ಅವಳು ಸೀರೆಗಂಟಿದ ನಾರನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದಳು.

"ನನ್ನ ತಮ್ಮ ಅವನು" ಎಂದಳು ಕೊನೆಗೆ. "ಇಷ್ಟು ವರ್ಷ ನೀವೊಬ್ಬರೇ ಅತ್ತಿರಿ. ನನಗೆ ಅಳೋಕೂ ಬಿಡಲಿಲ್ಲ."

ದಫೇದಾರ ಅಜ್ಜನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ.

ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಇನ್‌ಸ್ಪೆಕ್ಟರ್ ಕುಡಿಯಲು ನೀರು ತಂದುಕೊಟ್ಟ. ಅವಳು ಲೋಟವನ್ನು ಹಿಡಿದುಕೊಂಡಳು, ಕುಡಿಯಲಿಲ್ಲ.

"ಮುಚ್ಚಳಕ್ಕೆ ಬಟ್ಟೆ ಕಟ್ಟಿರಲಿಲ್ವಾ ಅವನು?"

"ಇರಲಿಲ್ಲಮ್ಮ."

"ಕಟ್ಟದೆ ಇಳಿಯೋನಲ್ಲ ಅವನು." ಅವಳು ತಲೆ ಎತ್ತಿದಳು. "ಇರಲಿಲ್ಲ ಅಂತ ನೀವು ನೋಡಿದ್ರಾ?"

"ನೋಡಿದವರು ಹೇಳಿದ್ರು."

"ಯಾರು ಹೇಳಿದ್ರು?"

ಇನ್‌ಸ್ಪೆಕ್ಟರ್ ಗೋಡೆಯ ಕಡೆ ನೋಡಿದ. ಅವಳು ಕಣ್ಣು ಕೀಳದೆ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನೀರನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದಳು.

"ಸರಿ ಬಿಡಿ, ಹೇಳಬೇಡಿ" ಎಂದಳು. "ನನಗೆ ಗೊತ್ತಾಯ್ತು ಅಂತ ಅವರಿಗೂ ಹೇಳಬೇಡಿ."

ಅವಳು ಹೋದ ಮೇಲೆ ದಫೇದಾರ ಹೊರಗೆ ಬಂದು, "ಏನಂದ್ರು ಸಾರ್?" ಎಂದು ಕೇಳಿದ.

"ಏನಿಲ್ಲ" ಎಂದ ಇನ್‌ಸ್ಪೆಕ್ಟರ್.